ಒರೆಸುವ ಮೊದಲು ಊದಿ

ಸಂಕ್ರಮಣಕ್ಕೆ ಮರೋಳದಿಂದ ಕೂಡಲಸಂಗಮಕ್ಕೆ ಹೋದರೆ ಮೊದಲು ಹೊಳೆಯಲ್ಲಿ ಸ್ನಾನ, ಆಮೇಲೆ ಬುತ್ತಿ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಒಂದು ವರ್ಷ ಬುತ್ತಿಗಂಟಿನ ಪಕ್ಕದಲ್ಲಿಟ್ಟಿದ್ದ ನನ್ನ ಕ್ಯಾಮೆರಾ ಹುಡುಗರ ಕಾಲು ತಾಗಿ ಉಸುಕಿನಲ್ಲಿ ಉರುಳಿತು. ಗಾಬರಿಯಲ್ಲಿ ಎತ್ತಿಕೊಂಡು ಅಂಗಿಯ ಚುಂಗಿನಿಂದ ಲೆನ್ಸ್ ಒರೆಸಿದೆ. ಮನೆಗೆ ಬಂದು ಬೆಳಕಿಗೆ ಹಿಡಿದರೆ ಗಾಜಿನ ಮೇಲೆ ನಾಲ್ಕು ಸಣ್ಣ ಗೀರು, ನಾಲ್ಕೂ ನನ್ನ ಕೈ ತಿರುಗಿದ ಕಡೆಗೇ ಬಾಗಿದ್ದವು. ಬಿದ್ದದ್ದರಿಂದ ಆದ ಗೀರಲ್ಲ ಅವು, ಒರೆಸಿದ್ದರಿಂದ ಆದವು.

ಹೊಳೆ ಉಸುಕಿನಲ್ಲಿ ದೊಡ್ಡ ಪಾಲು ಬೆಣಚುಕಲ್ಲಿನ ಕಣಗಳು. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ವಜ್ರಕ್ಕೆ 10, ಬೆಣಚುಕಲ್ಲಿಗೆ 7. ಸಾಮಾನ್ಯ ಗಾಜು 5.5ರ ಆಸುಪಾಸು. ನಮ್ಮ ಎರೆ ಹೊಲದ ಧೂಳಿನಲ್ಲಿ ಹೆಚ್ಚಾಗಿರುವ ಜೇಡಿ ಖನಿಜಗಳು 1–2ರಷ್ಟು ಮೆತ್ತಗೆ, ಹಾಗಾಗಿ ಅದರ ಭಯ ಕಡಿಮೆ. ಆದರೆ ಮಲಪ್ರಭೆ ಪಟ್ಟದಕಲ್ಲು, ಐಹೊಳೆಗಳ ಮರಳುಗಲ್ಲಿನ ನಾಡನ್ನು ದಾಟಿಕೊಂಡು ಸಂಗಮಕ್ಕೆ ಬರುತ್ತಾಳೆ. ಬಾದಾಮಿಯ ಗುಹೆಗಳನ್ನು ಕೊರೆದ ಕೆಂಪು ಕಲ್ಲೂ ಇಂಥ ಕಣಗಳೇ ಒತ್ತಿ ಬೆಸೆದು ಆದದ್ದು. ಅಂಥ ಕಣ ಬಟ್ಟೆಗೂ ಲೆನ್ಸಿಗೂ ನಡುವೆ ಸಿಕ್ಕಿಕೊಂಡರೆ ಬಟ್ಟೆಯೇ ಸಾಣೆಯಾಗುತ್ತದೆ. ಲೆನ್ಸಿನ ಮೇಲಿನ ಪ್ರತಿಫಲನ ತಡೆಯುವ ಲೇಪದ ಒಂದು ಪದರ ಸುಮಾರು 100 ನ್ಯಾನೊಮೀಟರ್ ದಪ್ಪ, ತಲೆಗೂದಲಿನ ನೂರಾರು ಪಟ್ಟು ತೆಳು.

ಆದ್ದರಿಂದ ಉಸುಕು ತಾಗಿದ ಕೂಡಲೇ ಕ್ಯಾಮೆರಾ ಆಫ್ ಮಾಡಿ. ಜೂಮ್ ತಿರುಗಿಸಬೇಡಿ, ಲೆನ್ಸ್ ಬಿಚ್ಚಲೇಬೇಡಿ. ಗಾಜು ನೆಲಕ್ಕೆ ಮುಖಮಾಡುವಂತೆ ಹಿಡಿದು ರಬ್ಬರ್ ಬುಡ್ಡಿಯ ಬ್ಲೋವರಿನಿಂದ ಗಾಳಿ ಹಾಕಿ, ಕಣಗಳು ತಾವಾಗಿ ಕೆಳಗೆ ಉದುರಲಿ. ಬಾಯಿಂದ ಊದಿದರೆ ಎಂಜಲು ಹಾರುತ್ತದೆ. ಪಂಕ್ಚರ್ ಅಂಗಡಿಯ ಗಾಳಿಯಂತೂ ಬೇಡ, ಅದು ಉಸುಕನ್ನು ಸಂದಿಯೊಳಕ್ಕೇ ತಳ್ಳುತ್ತದೆ. ಆಮೇಲೆ ಮೆತ್ತನೆಯ ಕುಂಚದಿಂದ ಬಳೆ, ಗುಂಡಿಗಳ ಸಂದಿ ಝಾಡಿಸಿ. ಬಟ್ಟೆ ಕೊನೆಗೆ.

ಗೋಕರ್ಣದ ಕಡಲ ಉಸುಕಿಗೆ ಇಷ್ಟು ಸಾಲದು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ನೀರು ಆರಿದರೂ ಉಪ್ಪು ಉಳಿದು, ಕರಾವಳಿಯ ತೇವ ಹೀರಿ ಮತ್ತೆ ಒದ್ದೆಯಾಗುತ್ತದೆ, ಸ್ಕ್ರೂಗಳಿಗೆ ತುಕ್ಕು ಹತ್ತಿಸುತ್ತದೆ. ಸ್ಪಿರಿಟ್ಟಿನಂಥ ದ್ರವದಲ್ಲಿ ಉಪ್ಪು ಕರಗುವುದಿಲ್ಲವೆಂದೇ ಹೇಳಬಹುದು. ಅದಕ್ಕೆ ಬೇಕಾದದ್ದು ಸಿಹಿನೀರು: ಉಸುಕೆಲ್ಲ ಉದುರಿದ ಮೇಲೆ ನೀರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಹೊರಮೈ ಒರೆಸಿ, ಬಳಿಕ ಒಣಬಟ್ಟೆ ಹಿಡಿಯಿರಿ.

ಜೂಮ್ ಬಳೆ ಕರಕರ ಅಂದರೆ ಅಲ್ಲಿಗೇ ನಿಲ್ಲಿಸಿ. ಬೀಸುಕಲ್ಲಿಗೆ ಹರಳು ಸಿಕ್ಕಾಗ ಅವ್ವ ಕೈ ತೆಗೆದುಬಿಡುತ್ತಿದ್ದಳು, ಇನ್ನೊಂದು ಸುತ್ತು ತಿರುಗಿಸುತ್ತಿರಲಿಲ್ಲ. ನಾನು ತಿರುಗಿಸಿದ್ದೆ. ರಿಪೇರಿಯವರು ನನ್ನ ಲೆನ್ಸ್ ಬಿಚ್ಚಿ ಬಿಳಿ ಹಾಳೆಯ ಮೇಲೆ ತಟ್ಟಿದಾಗ ಉದುರಿದ್ದು ಒಂದು ಚಿಟಿಕೆ ಉಸುಕು. ಹಾಳೆಯ ಕೆಳಗೆ ಅವರು ಅಯಸ್ಕಾಂತ ಆಡಿಸಿದರು. ಬಿಳಿ ಕಣಗಳು ಅಲ್ಲಾಡಲಿಲ್ಲ. ಏಳೆಂಟು ಕರಿ ಕಣಗಳು ಎದ್ದು ನಿಂತು ಅದರ ಹಿಂದೆಯೇ ಸರಿದವು. ಅವು ಕಬ್ಬಿಣದ ಅದಿರಿನ ಕಣಗಳು. ಅನೇಕ ಲೆನ್ಸುಗಳ ಫೋಕಸ್ ಮೋಟರಿನೊಳಗೂ ಅಂಥದೇ ಅಯಸ್ಕಾಂತವಿದೆ.