ವಿಕಾಸವಾದವೂ ಕ್ರೈಸ್ತರ ಸೃಷ್ಟಿಶ್ರದ್ಧೆಯೂ

ಡಾರ್ವಿನ್ನನ ವಿಕಾಸವಾದವು ಹೊರಬಂದೊಡನೆ ಕ್ರೈಸ್ತ ಜಗತ್ತೆಲ್ಲವೂ ಅದರ ಮೇಲೆ ಮುಗಿಬಿದ್ದಿತೆಂದು ನಮ್ಮಲ್ಲಿ ಅನೇಕ ವಿದ್ಯಾವಂತರು ಭಾವಿಸಿರುವರು. ವಿರೋಧವೇನೋ ಇದ್ದಿತು. ಆದರೆ ಅಮೆರಿಕದಲ್ಲಿ ಆ ವಾದವನ್ನು ಮೊದಲಿಗೆ ಎತ್ತಿಹಿಡಿದವರಲ್ಲಿ ಅಗ್ರಗಣ್ಯನಾದವನು ನಿಷ್ಠಾವಂತ ಕ್ರೈಸ್ತನೇ ಆಗಿದ್ದನು. ಆತನು ಹಾರ್ವರ್ಡ್ ವಿದ್ಯಾಪೀಠದ ಸಸ್ಯಶಾಸ್ತ್ರ ಪ್ರಾಧ್ಯಾಪಕ ಏಸಾ ಗ್ರೇ (1810–1888).

ದೇವರು ಆರು ದಿನಗಳಲ್ಲಿ ಜಗತ್ತನ್ನು ನಿರ್ಮಿಸಿದನೆಂದು ಬೈಬಲಿನ ಆದಿಕಾಂಡವು ಹೇಳುತ್ತದೆ. ಐರ್ಲೆಂಡಿನ ಆರ್ಚ್‌ಬಿಷಪ್ ಅಷರನು 17ನೆಯ ಶತಮಾನದಲ್ಲಿ ವಂಶಾವಳಿಗಳನ್ನು ಲೆಕ್ಕಹಾಕಿ ಸೃಷ್ಟಿಯು ಕ್ರಿ.ಪೂ. 4004ರಲ್ಲಿ ನಡೆಯಿತೆಂದನು. ಆದರೆ ಆ ದಿನಗಳು ನಾವು ಎಣಿಸುವ ದಿನಗಳಂಥವಲ್ಲವೆಂಬ ಅಭಿಪ್ರಾಯವು ಸಂತ ಆಗಸ್ಟೀನನಷ್ಟು (354–430) ಹಳೆಯದು. ವಾಚ್ಯಾರ್ಥಕ್ಕೆ ಅಂಟಿಕೊಳ್ಳುವವನು ಎಲ್ಲ ಕಾಲದಲ್ಲಿಯೂ ಇರತಕ್ಕವನೇ!

ಡಾರ್ವಿನ್ನನು ತನ್ನ ಸಿದ್ಧಾಂತದ ಸಾರವನ್ನು 1857ರಲ್ಲಿ ಗ್ರೇಗೆ ಪತ್ರಮುಖೇನ ತಿಳಿಸಿದ್ದನು. ಆ ಪತ್ರದ ಭಾಗವೇ 1858ರ ಜುಲೈ 1ರಂದು ಲಂಡನ್ನಿನ ಲಿನೇಯನ್ ಸಂಘದಲ್ಲಿ ಓದಲ್ಪಟ್ಟಿತು. ಅತ್ತ ಗ್ರೇಯು ಜಪಾನಿನ ಸಸ್ಯಗಳಿಗೂ ಪೂರ್ವ ಅಮೆರಿಕದ ಸಸ್ಯಗಳಿಗೂ ಇರುವ ಹತ್ತಿರದ ಸಾಮ್ಯವನ್ನು 1859ರಲ್ಲಿ ತೋರಿಸಿದನು. ಪ್ರತಿಯೊಂದು ಪ್ರಭೇದವೂ ಆಯಾ ಪ್ರದೇಶದಲ್ಲಿಯೇ ಬೇರೆಬೇರೆಯಾಗಿ ಸೃಷ್ಟಿಯಾಯಿತೆಂಬುದು ಆತನ ಸಹೋದ್ಯೋಗಿ ಅಗಾಸಿಯ ಮತ. ಗ್ರೇಯಾದರೋ ಇವೆರಡೂ ಒಂದೇ ಮೂಲದಿಂದ ಬಂದು, ಹವೆಯ ಬದಲಾವಣೆಯಿಂದ ಅಗಲಿದವೆಂದನು. ಪ್ರಭೇದಗಳ ಉಗಮವನ್ನು ಕುರಿತ ಡಾರ್ವಿನ್ನನ ಗ್ರಂಥವನ್ನು 1860ರಲ್ಲಿ ವಿಮರ್ಶಿಸುತ್ತ, ಜೀವಿಗಳು ಬದಲಾದ ಬಗೆಯನ್ನು ಅರಿತಮಾತ್ರಕ್ಕೆ ಅದರ ಹಿಂದೆ ಸಂಕಲ್ಪವಿಲ್ಲವೆಂದು ಸಿದ್ಧವಾಗದೆಂದು ವಾದಿಸಿದನು. ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಜೀವಿಗಳಲ್ಲಿ ತೋರುವ ಮಾರ್ಪಾಟುಗಳನ್ನು ಹಿತಕರವಾದ ದಾರಿಯಲ್ಲಿ ದೇವರೇ ನಡೆಸುತ್ತಿರಬಹುದೆಂದು ಆತನು ಸೇರಿಸಿದನು.

ಡಾರ್ವಿನ್ನನಿಗೆ ಇದು ಒಪ್ಪಿಗೆಯಾಗಲಿಲ್ಲ. ಒಂದು ಜಾತಿಯ ಕಣಜದ ಮರಿಗಳು ಜೀವಂತ ಕಂಬಳಿಹುಳುವಿನ ಒಡಲನ್ನು ಒಳಗಿನಿಂದಲೇ ತಿಂದು ಬೆಳೆಯುತ್ತವೆ; ಕರುಣಾಳುವಾದ ದೇವರು ಇದನ್ನು ಬೇಕೆಂದೇ ರಚಿಸಿದನೆಂದು ನಂಬಲಾರೆನೆಂದು ಗೆಳೆಯನಿಗೆ ಬರೆದನು. 1868ರ ಗ್ರಂಥದಲ್ಲಿ ಇನ್ನೊಂದು ದೃಷ್ಟಾಂತವನ್ನು ಕೊಟ್ಟನು. ಬೆಟ್ಟದಿಂದ ಉರುಳಿದ ಕಲ್ಲುಗಳಲ್ಲಿ ತಕ್ಕವನ್ನು ಆಯ್ದು ಶಿಲ್ಪಿಯು ಮನೆಯನ್ನು ಕಟ್ಟುತ್ತಾನೆ. ಆ ಮನೆಗೆಂದೇ ದೇವರು ಒಂದೊಂದು ಕಲ್ಲನ್ನೂ ಆ ಆಕಾರಕ್ಕೆ ಒಡೆದನೆನ್ನಬಹುದೇ? ಅನ್ನಲಾಗದಿದ್ದರೆ ಮಾರ್ಪಾಟುಗಳ ವಿಷಯದಲ್ಲಿ ಮಾತ್ರ ಅನ್ನುವುದೆಂತು? ಆದರೂ ಈ ತೊಡಕು ಬಿಡಿಸಲಾರದ್ದೆಂದು ಆತನೇ ಒಪ್ಪಿಕೊಂಡನು.

ಗ್ರೇಯ ವಾದದ ಸಡಿಲವಾದ ಕೊಂಡಿ ಇದೇ ಎಂದು ನನಗೆ ತೋರುತ್ತದೆ. ಅಂದಿಗೆ ತಿಳಿಯದಿದ್ದ ಎಡೆಯಲ್ಲಿ ಆತನು ದೇವರಿಗೆ ಪೀಠವನ್ನಿಟ್ಟನು. ವಂಶವಾಹಿಗಳಲ್ಲಿ ಉಂಟಾಗುವ ಮಾರ್ಪಾಟುಗಳು ಜೀವಿಯ ಅಗತ್ಯವನ್ನು ನೋಡಿ ಬರುವುದಿಲ್ಲವೆಂದು ಮುಂದೆ ಗೊತ್ತಾಯಿತು. ಆತನ ಮೊದಲಿನ ಮಾತಿಗಾದರೋ ಇದರಿಂದ ಬಾಧಕವಿಲ್ಲ.

1925ರಲ್ಲಿ ಅಮೆರಿಕದ ಟೆನೆಸಿ ರಾಜ್ಯದಲ್ಲಿ ವಿಕಾಸವಾದವನ್ನು ಬೋಧಿಸಿದ ಆಪಾದನೆಗಾಗಿ ಸ್ಕೋಪ್ಸ್ ಎಂಬ ಶಿಕ್ಷಕನಿಗೆ 100 ಡಾಲರು ದಂಡ ಬಿದ್ದಿತು. ಮೇಲಿನ ನ್ಯಾಯಾಲಯವು ಕ್ರಮಲೋಪದ ಕಾರಣದಿಂದ ಆ ತೀರ್ಪನ್ನು ರದ್ದುಮಾಡಿತು. ಶಿಕ್ಷಕ ಬಂಧುಗಳು ಇದನ್ನು ಮರೆಯಲಾಗದು. 1950ರಲ್ಲಿ ಪೋಪ್ ಹನ್ನೆರಡನೆಯ ಪಯಸ್ಸನು, ಆತ್ಮವು ನೇರವಾಗಿ ದೇವರಿಂದಲೇ ಸೃಷ್ಟಿಯಾದುದೆಂಬ ನಂಬಿಕೆಯನ್ನು ಬಿಡದೆ, ಮಾನವದೇಹದ ವಿಕಾಸವನ್ನು ಕುರಿತ ಪರಿಶೋಧನೆಗೆ ಎಡೆಗೊಟ್ಟನು. ವಿಕಾಸವಾದವು ಬರಿಯ ಊಹೆಗಿಂತ ಮಿಗಿಲಾದುದೆಂದು 1996ರಲ್ಲಿ ಪೋಪ್ ಎರಡನೆಯ ಜಾನ್ ಪಾಲನು ಹೇಳಿದನು. ಆರು ದಿನಗಳನ್ನು ಅಕ್ಷರಶಃ ನಂಬುವವರು ಇಂದಿಗೂ ಇರುವರು.

1877ರಲ್ಲಿ ಹೂಗಳ ವಿವಿಧ ರೂಪಗಳನ್ನು ಕುರಿತು ತಾನು ಬರೆದ ಪುಸ್ತಕವನ್ನು ಡಾರ್ವಿನ್ನನು ಏಸಾ ಗ್ರೇಗೆ ಅರ್ಪಿಸಿದನು. ಅಷ್ಟು ಹೊತ್ತಿಗೆ ಗ್ರೇಯ ಶ್ರದ್ಧೆಯೂ ಕದಲಿರಲಿಲ್ಲ, ಗೆಳೆಯನ ಸಂಶಯವೂ ತೀರಿರಲಿಲ್ಲ.