ಕಡತದಿಂದ ಕೃಷಿ ಹೊಂಡದವರೆಗೆ

ಇಂಗಾಲದ ಹೊರಸೂಸುವಿಕೆಯನ್ನು ತಗ್ಗಿಸಿ ಹವಾಮಾನ ಬದಲಾವಣೆಯನ್ನು ನಿಧಾನಗೊಳಿಸುವುದು ಒಂದು ದಾರಿಯಾದರೆ, ಈಗಾಗಲೇ ಲಯ ತಪ್ಪಿದ ಮಳೆ-ಬಿಸಿಲಿಗೆ ಬೇಸಾಯವನ್ನೂ ಬದುಕನ್ನೂ ಒಗ್ಗಿಸುವುದು ಇನ್ನೊಂದು. ಈ ಎರಡನೆಯದಕ್ಕೆ ‘ಹೊಂದಾಣಿಕೆ’ ಎಂದು ಹೆಸರು. 2008ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಕ್ರಿಯಾಯೋಜನೆಯನ್ನು ಪ್ರಕಟಿಸಿದ ತರುವಾಯ ರಾಜ್ಯಗಳೂ ತಮ್ಮ ತಮ್ಮ ಯೋಜನೆಗಳನ್ನು ಬರೆದವು, ಕರ್ನಾಟಕವೂ ಬರೆಯಿತು. ಆದರೆ ಇಲ್ಲಿನ ಸಿದ್ಧತೆ ಆ ಕಡತಕ್ಕಿಂತ ಹಳೆಯದು: 1988ರಲ್ಲೇ ಆರಂಭವಾದ ಬರ ಉಸ್ತುವಾರಿ ಕೋಶವು ಮುಂದೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ತಾವಾಗಿಯೇ ಅಳೆದು ಅಂಕಿ ರವಾನಿಸುವ ಟೆಲಿಮೆಟ್ರಿಕ್ ಮಳೆಮಾಪಕಗಳನ್ನು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ಥಾಪಿಸಿದ್ದರಿಂದ, ಪಕ್ಕದ ಹೋಬಳಿಯಲ್ಲಿ ಸುರಿದ ಮಳೆ ಒಣಗಿದ ಊರಿನ ಲೆಕ್ಕಕ್ಕೆ ಸೇರುವ ಹಳೆಯ ಎಡವಟ್ಟು ಬಹುಮಟ್ಟಿಗೆ ತಪ್ಪಿದೆ.

2014ರಲ್ಲಿ ಬಂದ ಕೃಷಿ ಭಾಗ್ಯ ಯೋಜನೆಯದು ಇನ್ನೂ ನೆಲಕ್ಕೆ ಹತ್ತಿರದ ಉಪಾಯ. ಹೊಲದ ತಗ್ಗಿನಲ್ಲಿ ಹೊಂಡ ತೋಡಿ, ನೀರು ಇಂಗದಂತೆ ಪ್ಲಾಸ್ಟಿಕ್ ಹಾಳೆ ಹಾಸಿ, ಹರಿದುಹೋಗುವ ಮಳೆನೀರನ್ನು ಅದರಲ್ಲಿ ಹಿಡಿದಿಟ್ಟು, ರಾಗಿಯೋ ತೊಗರಿಯೋ ಕಾಳು ಕಟ್ಟುವ ಹೊತ್ತಿಗೆ ಮಳೆ ಮುನಿದರೆ ಡೀಸೆಲ್ ಪಂಪಿನಿಂದ ಒಂದೆರಡು ಸಲ ನೀರು ಹಾಯಿಸುವ ಈ ಕ್ರಮವನ್ನು ‘ರಕ್ಷಣಾತ್ಮಕ ನೀರಾವರಿ’ ಎನ್ನುತ್ತಾರೆ. ಹೊಂಡವೇನೋ ಒಳ್ಳೆಯದೇ, ಆದರೆ ಅದು ತುಂಬಲು ಒಂದು ಬಿರುಮಳೆಯಾದರೂ ಬೇಕು. 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದ 2023ರಂಥ ವರ್ಷದಲ್ಲಿ ಅದನ್ನೂ ನೆಚ್ಚುವಂತಿಲ್ಲವಾದ್ದರಿಂದ, ಅಂಥ ಹೊತ್ತಿಗೆ ರೈತನ ಕೈಹಿಡಿಯಬೇಕಾದವು ಬೆಳೆ ವಿಮೆ, ಮೇವಿನ ದಾಸ್ತಾನು ಮತ್ತು ಉದ್ಯೋಗ ಖಾತರಿಯ ಕೂಲಿ.