ಹಾವಿಲ್ಲದ ನಾಡಿಗೆ ಬಂದ ಹಾವು

ನ್ಯೂಜಿಲೆಂಡಿನ ನೆಲದಲ್ಲಿ ಹಾವಿಲ್ಲ. ಕಡಲ ಹಾವು ಅಪರೂಪಕ್ಕೆ ದಡಕ್ಕೆ ಬಂದು ಬೀಳುವುದುಂಟು, ಅಷ್ಟೇ. ಮೃಗಾಲಯದಲ್ಲೂ ಹಾವು ಇಡುವಂತಿಲ್ಲ. ಇಂಥ ನಾಡಿನ ಮಾವೊರಿ ಭಾಷೆಗೆ ಬೈಬಲ್ ತರಲು ಕೂತ ಮಿಷನರಿಗಳಿಗೆ ಆದಿಕಾಂಡದ ಮೂರನೆಯ ಅಧ್ಯಾಯದಲ್ಲೇ ಹಾವು ಎದುರಾಯಿತು.

ಮುಂದೆ ಇನ್ನೂ ಕಷ್ಟ. ಹೀಬ್ರೂ ಕವಿಗಳಿಗೆ ಕೇಡೆಂದರೆ ನಂಜು. 58ನೆಯ ಕೀರ್ತನೆಯಲ್ಲಿ ದುಷ್ಟನೆಂದರೆ ಹಾವಾಡಿಗನಿಗೂ ಕಿವಿಗೊಡದ ಸರ್ಪ. 140ನೆಯದರಲ್ಲಿ ಕೇಡಿಗರ ತುಟಿಯಡಿ ವಿಷ. ಯೋಬನ ಗ್ರಂಥದಲ್ಲಿ ಬಾಯಿಗೆ ಸಿಹಿಯಾದ ಪಾಪ ಹೊಟ್ಟೆಗಿಳಿದು ಹಾವಿನ ವಿಷವಾಗುತ್ತದೆ. ಹೀಬ್ರೂವಿನ 'ಹೇಮಾ' ಎಂಬ ಒಂದೇ ಪದಕ್ಕೆ ಕಾವು, ಸಿಟ್ಟು, ವಿಷ ಎಂಬ ಮೂರೂ ಅರ್ಥ. ಪುಂಗಿಯ ನಾದ ಕೇಳಿ ಬೆಳೆದ, 'ವಿಷ ಕಾರಿದ' ಎಂದು ದಿನವೂ ಆಡುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಮಾವೊರಿಗಳೂ ವಿಷ ಅರಿಯದವರಲ್ಲ. ಟುಟು ಗಿಡ, ಕರಾಕದ ಬೀಜ, ಕಟಿಪೊ ಜೇಡ ಅವರಿಗೆ ಗೊತ್ತಿದ್ದವು. ಹಲ್ಲಿ ಜಾತಿಯ 'ನಾರಾರ'ವನ್ನು ಕಂಡರೆ ಸಾವಿನ ಶಕುನವೆಂದು ನಡುಗುತ್ತಿದ್ದರು. ಹಾವು ಮಾತ್ರ ಇರಲಿಲ್ಲ.

ಹೀಗಾಗಿ ಹೀಬ್ರೂವಿನ 'ನಾಹಾಶ್' ಪದವನ್ನೇ ಮಾವೊರಿ ನಾಲಿಗೆಗೆ ಒಗ್ಗಿಸಿದರು: 'ನಾಕಹಿ'. ಪದ ಬಂತು, ಪ್ರಾಣಿ ಬರಲಿಲ್ಲ. ಮೈಯಿಲ್ಲದ ಪದಕ್ಕೆ ಯಾರು ಬೇಕಾದರೂ ಜೀವ ತುಂಬಬಹುದಲ್ಲ!

ತುಂಬಿದವನು ಪಾಪಾಹುರಿಹಿಯಾ. ಸ್ಯಾಮ್ಯುಯೆಲ್ ಮಾರ್ಸ್‌ಡನ್ 1814ರಲ್ಲಿ ಮೊದಲ ಮಿಷನ್ ಹೂಡಿದ ರಂಗಿಹೋವಾದ ಸುತ್ತಲೇ, 1833ರ ಹೊತ್ತಿಗೆ, ಈ ಪ್ರವಾದಿಯ ಮಾತಿಗೆ ಜನ ಸೇರತೊಡಗಿದರು. ಅವನ ಮೂಲಕ ಮಾತಾಡುತ್ತಿದ್ದ ದೈವದ ಹೆಸರು ನಾಕಹಿ. ಅನುಯಾಯಿಗಳು ತಮ್ಮನ್ನು ಹುರಾಯ್, ಅಂದರೆ ಯೆಹೂದ್ಯರು, ಎಂದು ಕರೆದುಕೊಂಡರು. ಭಾನುವಾರ ಬಿಟ್ಟು ಶನಿವಾರ ಸಬ್ಬತ್ ಆಚರಿಸಿದರು. ಮಿಷನರಿಗಳಿಗೆ ಇದು ಸೈತಾನನ ಕೆಲಸವಾಗಿ ಕಂಡಿತು. ನನಗೆ ಹಾಗನ್ನಿಸುವುದಿಲ್ಲ. ಹಾವು ಅದೇ ಪುಸ್ತಕದಲ್ಲಿ ಕೊಲ್ಲುವುದೂ ಹೌದು, ಕಾಯುವುದೂ ಹೌದು. ಅರಣ್ಯಕಾಂಡದಲ್ಲಿ ವಿಷಸರ್ಪ ಕಚ್ಚಿದವರು ಮೋಶೆ ಎತ್ತಿ ನಿಲ್ಲಿಸಿದ ತಾಮ್ರದ ಸರ್ಪವನ್ನು ನೋಡಿ ಬದುಕುತ್ತಾರೆ. ನೆಲ ಕೈತಪ್ಪುವ ಭಯದಲ್ಲಿದ್ದ ಜನ ಬಂದವರ ಪುಸ್ತಕದಿಂದಲೇ ತಮ್ಮ ಕಾವಲಿನ ದೈವವನ್ನು ಹೆಕ್ಕಿಕೊಂಡರು. ನಾಗನಿಗೆ ತನಿ ಎರೆಯುವ ನಾವು ಅದನ್ನು ಅರಿಯದಿರಲು ಸಾಧ್ಯವೇ?

ಮುಂದೆ ಪಾಪಾಹುರಿಹಿಯಾನಿಗೆ ಉರಿಯುವ ದೇವರು ಎಂಬರ್ಥದ 'ತೆ ಅತುವಾ ವೆರಾ' ಎಂಬ ಹೆಸರೂ ಬಂತು. ಅರಣ್ಯಕಾಂಡದ ಆ ಹಾವುಗಳಿಗೂ ಹೀಬ್ರೂವಿನಲ್ಲಿ 'ಉರಿಯುವವು' ಎಂದೇ ಹೆಸರು. ಬ್ರಿಟಿಷರೊಡನೆ ನಡೆದ 1845ರ ಯುದ್ಧದಲ್ಲಿ ಅವನು ಮಾವೊರಿ ನಾಯಕ ಹೋನೆ ಹೆಕೆಯ ಪಕ್ಕ ನಿಂತ. 1868ರಲ್ಲಿ ಇಡೀ ಬೈಬಲ್ ಮಾವೊರಿಯಲ್ಲಿ ಅಚ್ಚಾದಾಗ ಅವನಿನ್ನೂ ಬದುಕಿದ್ದ. ಏದೆನ್ ತೋಟದಲ್ಲಿ ಶಾಪ ಹೊತ್ತ ಆ ಜೀವಿಗೆ ಅದರಲ್ಲೂ ನಾಕಹಿ ಎಂದೇ ಹೆಸರು.